ಅಮೆರಿಕದ ಹೈಸ್ಕೂಲಿನಲ್ಲಿ ಇತಿಹಾಸ, ಸಮಾಜ ವಿಜ್ಞಾನ: ಕಾಲೇಜಿಗೆ ಹೊರಟ ಮಕ್ಕಳಿಗೆ ನಾಲ್ಕು ವರ್ಷದ ಯೋಜನೆ

ಮುಂದಿನ ವರ್ಷದ ಕೋರ್ಸ್ ಆಯ್ಕೆಯ ಹಾಳೆ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಒಳಗೆ ಮನೆಗೆ ಬರುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಜೆರ್ಸಿಯ ಕನ್ನಡದ ಮನೆಗಳಲ್ಲಿ ಅದರಲ್ಲಿ ಮೊದಲು ತುಂಬುವುದು ಗಣಿತದ ಸಾಲು, ಆಮೇಲೆ ವಿಜ್ಞಾನ, ಕಂಪ್ಯೂಟರ್. ಸಮಾಜ ವಿಜ್ಞಾನಕ್ಕೆ ಸಿಗುವುದು ಮಿಕ್ಕ ಜಾಗ. ಎಸ್ಸೆಸ್ಸೆಲ್ಸಿಯಲ್ಲಿ ‘ಸಮಾಜ’ ಎಂದರೆ ಪರೀಕ್ಷೆಗೆ ವಾರವಿರುವಾಗ ಇಸವಿ ಬಾಯಿಪಾಠ ಮಾಡುವುದು ಎಂದು ಬೆಳೆದವರು ಹೀಗೆ ಮಾಡಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಇತಿಹಾಸದ ತರಗತಿ ನೆನಪಿನ ಪರೀಕ್ಷೆಯಲ್ಲ. ಮಗು ಕಷ್ಟದ ಗದ್ಯ ಓದಿ, ಅದರಿಂದ ಒಂದು ವಾದ ಕಟ್ಟಿ, ಪುರಾವೆ ಕೊಟ್ಟು ಬರೆಯಬಲ್ಲದೇ ಎಂಬುದನ್ನು ಅದು ನಾಲ್ಕು ವರ್ಷ ಅಳೆಯುತ್ತದೆ. ಸ್ಟ್ಯಾನ್‌ಫರ್ಡ್ ಮೂರು ಅಥವಾ ಹೆಚ್ಚು ವರ್ಷದ ಇತಿಹಾಸ/ಸಮಾಜ ವಿಜ್ಞಾನವನ್ನು ಶಿಫಾರಸು ಮಾಡುತ್ತದೆ, ಅದೂ ಪ್ರಬಂಧ ಬರೆಸುವ ಕೋರ್ಸುಗಳನ್ನು. ಎಂಐಟಿ ಎರಡು ವರ್ಷ ಸಾಕು ಎನ್ನುತ್ತದೆ. ಆದರೆ ಅದು ಕೇಳುವ ಎರಡು ಶಿಕ್ಷಕರ ಶಿಫಾರಸು ಪತ್ರಗಳಲ್ಲಿ ಒಂದು ಗಣಿತ ಅಥವಾ ವಿಜ್ಞಾನದವರದ್ದಾದರೆ ಇನ್ನೊಂದು ಮಾನವಿಕ, ಸಮಾಜ ವಿಜ್ಞಾನ ಅಥವಾ ಭಾಷೆಯ ಶಿಕ್ಷಕರದ್ದಾಗಿರಬೇಕು. ಎಂಜಿನಿಯರಿಂಗ್‌ಗೆ ಹೊರಟ ಮಗುವಿಗೆ ಆ ಎರಡನೆಯ ಪತ್ರ ಬರೆಯುವವರು ಬಹುಮಟ್ಟಿಗೆ ಹನ್ನೊಂದನೇ ತರಗತಿಯ ಇತಿಹಾಸದ ಶಿಕ್ಷಕರೋ ಇಂಗ್ಲಿಷ್ ಶಿಕ್ಷಕರೋ ಆಗಿರುತ್ತಾರೆ.

ಹಂತ 1: ಎರಡು ಪಟ್ಟಿ ಎದುರು ಬದುರು ಇಡಿ

ಹೈಸ್ಕೂಲು ಮುಗಿಸಲು ರಾಜ್ಯ ಕೇಳುವುದು ಒಂದು, ಕಾಲೇಜು ಕೇಳುವುದು ಇನ್ನೊಂದು. ಇವೆರಡನ್ನು ಒಂದೇ ಎಂದುಕೊಳ್ಳುವುದೇ ಯೋಜನೆ ಕೆಡುವುದಕ್ಕೆ ಮೊದಲ ಕಾರಣ.

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಮುಗಿಸಲು ಮೂರು ವರ್ಷದ ಸಮಾಜ ವಿಜ್ಞಾನ ಬೇಕು: ವಿಶ್ವ ಇತಿಹಾಸ ಒಂದು ವರ್ಷ, ಅಮೆರಿಕದ ಇತಿಹಾಸ ಒಂದು ವರ್ಷ, ಸರ್ಕಾರ ಒಂದು ಸೆಮಿಸ್ಟರ್, ಅರ್ಥಶಾಸ್ತ್ರ ಒಂದು ಸೆಮಿಸ್ಟರ್. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಕೇಳುವ ವಿಷಯಗಳ ‘ಎ-ಜಿ’ ಪಟ್ಟಿಯಲ್ಲಿ ‘ಎ’ ವಿಭಾಗ ಎರಡೇ ವರ್ಷ ಕೇಳುತ್ತದೆ: ವಿಶ್ವ ಇತಿಹಾಸ ಒಂದು ವರ್ಷ, ಜೊತೆಗೆ ಅಮೆರಿಕದ ಇತಿಹಾಸ ಒಂದು ವರ್ಷ, ಇಲ್ಲವೇ ಅರ್ಧ ವರ್ಷ ಅಮೆರಿಕದ ಇತಿಹಾಸ ಮತ್ತು ಅರ್ಧ ವರ್ಷ ಸರ್ಕಾರ. ಮೇಲ್ನೋಟಕ್ಕೆ ಯುಸಿ ಸುಲಭ ಎನಿಸುತ್ತದೆ. ಆದರೆ ಅಲ್ಲಿ ಪ್ರತಿ ಸೆಮಿಸ್ಟರಿಗೂ ಸಿ ಅಥವಾ ಮೇಲಿನ ಗ್ರೇಡ್ ಬೇಕು. ಡಿ ಬಂದರೆ ಶಾಲೆ ಕ್ರೆಡಿಟ್ ಕೊಟ್ಟು ಮುಂದಕ್ಕೆ ಕಳಿಸಬಹುದು, ಯುಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅರ್ಥಶಾಸ್ತ್ರ ಮತ್ತು ಮನಶ್ಶಾಸ್ತ್ರ ‘ಎ’ಯಲ್ಲಿ ಬರುವುದಿಲ್ಲ, ‘ಜಿ’ ಎಂಬ ಐಚ್ಛಿಕ ವಿಭಾಗದಲ್ಲಿ ಬರುತ್ತವೆ. ‘ಎಪಿ ಸೈಕಾಲಜಿ ತಗೊಂಡಿದ್ದಾಳಲ್ಲ, ಇತಿಹಾಸದ ಲೆಕ್ಕ ಆಯ್ತು’ ಎನ್ನುವವರು ಇಲ್ಲಿ ಎಡವುತ್ತಾರೆ. (ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು.)

ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಎರಡು ವಿಷಯ ಗಮನಿಸಬೇಕು. ಎಥ್ನಿಕ್ ಸ್ಟಡೀಸ್ (ಅಮೆರಿಕದ ಬೇರೆ ಬೇರೆ ಜನಾಂಗಗಳ ಇತಿಹಾಸ, ಸಂಸ್ಕೃತಿಯ ಓದು) ಕಡ್ಡಾಯ ಮಾಡುವ ಕಾನೂನು 2021ರಲ್ಲಿ ಬಂತು, ಆದರೆ ರಾಜ್ಯ ಹಣ ಒದಗಿಸಿದರೆ ಮಾತ್ರ ಅದು ಜಾರಿ ಎಂಬ ಷರತ್ತಿದೆ. ಕೆಲವು ಶಾಲಾ ಡಿಸ್ಟ್ರಿಕ್ಟುಗಳು ತಾವಾಗಿಯೇ ಕಡ್ಡಾಯ ಮಾಡಿಕೊಂಡಿವೆ. ನಿಮ್ಮದು ಯಾವ ಗುಂಪು ಎಂದು ಕೌನ್ಸೆಲರ್ ಹತ್ತಿರ ಕೇಳಿ. ಇನ್ನೊಂದು, ವೈಯಕ್ತಿಕ ಹಣಕಾಸಿನ ಒಂದು ಸೆಮಿಸ್ಟರ್ ಕೋರ್ಸು. 2024ರ ಕಾನೂನಿನ ಪ್ರಕಾರ 2031ರಲ್ಲಿ ಮುಗಿಸುವವರಿಂದ ಇದು ಕಡ್ಡಾಯ.

ಟೆಕ್ಸಸ್‌ನಲ್ಲಿ ಮೂರು ಕ್ರೆಡಿಟ್ (ಒಂದು ಕ್ರೆಡಿಟ್ ಎಂದರೆ ಒಂದು ವರ್ಷದ ಕೋರ್ಸು): ಅಮೆರಿಕದ ಇತಿಹಾಸ 1, ಸರ್ಕಾರ ½, ಅರ್ಥಶಾಸ್ತ್ರ ½, ವಿಶ್ವ ಇತಿಹಾಸ ಅಥವಾ ವಿಶ್ವ ಭೂಗೋಳ 1. ಅಮೆರಿಕದ ಇತಿಹಾಸಕ್ಕೆ ಸ್ಟಾರ್ ಎಂಬ ರಾಜ್ಯಮಟ್ಟದ ಪರೀಕ್ಷೆಯೂ ಇದೆ. ನ್ಯೂಜೆರ್ಸಿ 15 ಕ್ರೆಡಿಟ್ ಕೇಳುತ್ತದೆ. ಅಲ್ಲಿ ವರ್ಷವಿಡೀ ನಡೆಯುವ ಕೋರ್ಸಿಗೆ 5 ಕ್ರೆಡಿಟ್, ಹಾಗಾಗಿ ಇದು ಮೂರು ವರ್ಷ: ಒಂದು ವಿಶ್ವ ಇತಿಹಾಸ, ಎರಡು ಅಮೆರಿಕದ ಇತಿಹಾಸ. ಹಣಕಾಸು ಸಾಕ್ಷರತೆಯ 2.5 ಕ್ರೆಡಿಟ್ ಇದರ ಹೊರಗೆ. ನ್ಯೂಯಾರ್ಕ್ ನಾಲ್ಕು ಕ್ರೆಡಿಟ್ ಕೇಳುವುದರಿಂದ ಅಲ್ಲಿ ಈ ಗೊಂದಲವೇ ಕಡಿಮೆ.

ನ್ಯೂಜೆರ್ಸಿ ಮಕ್ಕಳಿಗೆ ಒಂದು ಕಿವಿಮಾತು: ಹನ್ನೊಂದಕ್ಕೆ ರಾಜ್ಯದ ಲೆಕ್ಕ ಮುಗಿದುಹೋಗುತ್ತದೆ. ಹನ್ನೆರಡರಲ್ಲಿ ಆ ಜಾಗಕ್ಕೆ ಇನ್ನೊಂದು ವಿಜ್ಞಾನ ತುರುಕುವ ಆಸೆ ಬರುತ್ತದೆ. ಆಯ್ದು ಸೇರಿಸಿಕೊಳ್ಳುವ ಕಾಲೇಜು ಗುರಿಯಾಗಿದ್ದರೆ ಐದು ಮುಖ್ಯ ವಿಷಯಗಳನ್ನು (ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಪರಭಾಷೆ) ನಾಲ್ಕೂ ವರ್ಷ ಇಟ್ಟುಕೊಳ್ಳುವುದೇ ಕ್ಷೇಮ.

ಹಂತ 2: ಹನ್ನೆರಡರಿಂದ ಹಿಂದಕ್ಕೆ ತುಂಬಿ

ಒಂಬತ್ತರಿಂದ ಶುರು ಮಾಡಿದರೆ ಸುಲಭದ್ದೆಲ್ಲ ಮೊದಲು ಮುಗಿದು ಕೊನೆಗೆ ಇಕ್ಕಟ್ಟಾಗುತ್ತದೆ. ಕೊನೆಯಿಂದ ಬನ್ನಿ. ಹನ್ನೆರಡಕ್ಕೆ ಸರ್ಕಾರ ಮತ್ತು ಅರ್ಥಶಾಸ್ತ್ರ. ಹನ್ನೊಂದಕ್ಕೆ ಅಮೆರಿಕದ ಇತಿಹಾಸ. ಬಹುತೇಕ ಶಾಲೆಗಳಲ್ಲಿ ಇದು ಕದಲುವುದಿಲ್ಲ. ಹತ್ತಕ್ಕೆ ವಿಶ್ವ ಇತಿಹಾಸ. ಒಂಬತ್ತಕ್ಕೆ ಭೂಗೋಳವೋ ಎಥ್ನಿಕ್ ಸ್ಟಡೀಸೋ, ಶಾಲೆ ಏನು ಕೊಡುತ್ತದೋ ಅದು. ಕ್ಯಾಲಿಫೋರ್ನಿಯಾದ ಎಷ್ಟೋ ಶಾಲೆಗಳಲ್ಲಿ ಒಂಬತ್ತರಲ್ಲಿ ಸಮಾಜ ವಿಜ್ಞಾನವೇ ಇರುವುದಿಲ್ಲ. ಶಾಲೆಯೇ ಕೊಡದಿದ್ದರೆ ಆ ವರ್ಷ ಬಿಟ್ಟರೂ ನಷ್ಟವಿಲ್ಲ.

ಯುಸಿಗೆ ಅರ್ಜಿ ಹಾಕುವವರು ಗ್ರೇಡಿನ ಲೆಕ್ಕವನ್ನೂ ಇಲ್ಲೇ ನೋಡಿಕೊಳ್ಳಬೇಕು. ಯುಸಿ ಎಣಿಸುವುದು ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆವರೆಗಿನ ಗ್ರೇಡ್ ಮಾತ್ರ. ಎಪಿ, ಮಾನ್ಯತೆ ಪಡೆದ ಆನರ್ಸ್ (ಸಾಮಾನ್ಯ ತರಗತಿಗಿಂತ ಕಠಿಣವಾದದ್ದು), ಕಾಲೇಜು ಕೋರ್ಸುಗಳಿಗೆ ಹೆಚ್ಚುವರಿ ಅಂಕವಿದೆ. ಒಟ್ಟು ಎಂಟು ಸೆಮಿಸ್ಟರಿಗೆ ಅದರ ಮಿತಿ, ಅದರಲ್ಲಿ ಹತ್ತನೇ ತರಗತಿಯವು ನಾಲ್ಕನ್ನು ಮೀರುವಂತಿಲ್ಲ. ಎಂದರೆ ಒಂಬತ್ತರಲ್ಲಿ ಎಪಿ ಹ್ಯೂಮನ್ ಜಿಯಾಗ್ರಫಿ ತೆಗೆದುಕೊಂಡರೆ ಯುಸಿ ಲೆಕ್ಕದಲ್ಲಿ ಒಂದು ಅಂಕವೂ ಕೂಡುವುದಿಲ್ಲ. ಎಪಿ ಬರಹ ಹೇಗಿರುತ್ತದೆ ಎಂದು ಕಲಿಯಲು ಅದು ಒಳ್ಳೆಯದೇ. ಅಂಕದ ಆಸೆಗೆ ಬೇಡ.

ಹಂತ 3: ಎಪಿ ಯಾವುದು, ಎಷ್ಟು

ಇತಿಹಾಸದ ಎಪಿಗಳು ಮೂರು. ವರ್ಲ್ಡ್ ಹಿಸ್ಟರಿ ಕ್ರಿ.ಶ. 1200ರಿಂದ ಈಚೆಗೆ, ಯೂರೋಪಿಯನ್ ಹಿಸ್ಟರಿ ಸುಮಾರು 1450ರಿಂದ, ಅಮೆರಿಕನ್ ಹಿಸ್ಟರಿ 1491ರಿಂದ. ಇವುಗಳ ಪರೀಕ್ಷೆಯ ಮಾದರಿ ಒಂದೇ, ಆದ್ದರಿಂದ ಹತ್ತರಲ್ಲಿ ವರ್ಲ್ಡ್ ಮಾಡಿದವರಿಗೆ ಹನ್ನೊಂದರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಹನ್ನೆರಡರಲ್ಲಿ ಎಪಿ ಗವರ್ನಮೆಂಟ್ ಮತ್ತು ಎಪಿ ಮ್ಯಾಕ್ರೋ ಅರ್ಥಶಾಸ್ತ್ರ. ಮ್ಯಾಕ್ರೋ ಪರೀಕ್ಷೆಯಲ್ಲಿ ಪ್ರಬಂಧವಿಲ್ಲ, ಗ್ರಾಫು ಬಿಡಿಸಿ ವಿವರಿಸುವುದು ಹೆಚ್ಚು. ಗಣಿತದ ಒಲವಿರುವ ಮಕ್ಕಳಿಗೆ ಹೊಂದುತ್ತದೆ.

ಇಂಜಿನಿಯರಿಂಗ್ ಗುರಿಯ ಮಗು ಎಲ್ಲವನ್ನೂ ಎಪಿ ಮಾಡಬೇಕಿಲ್ಲ. ಒಂದೇ ಆಯಬೇಕಾದರೆ ಹನ್ನೊಂದರ ಅಮೆರಿಕನ್ ಹಿಸ್ಟರಿ ಆಯಿರಿ. ಬರಹದ ಪಳಗುವಿಕೆ ಅಲ್ಲೇ ಹೆಚ್ಚು, ಶಿಫಾರಸು ಪತ್ರವೂ ಅಲ್ಲಿಂದಲೇ ಬರಬಹುದು. ಟೆಕ್ಸಸ್‌ನಲ್ಲಿದ್ದರೆ ಇನ್ನೂ ಗಟ್ಟಿ ಕಾರಣವಿದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಯಾವುದೇ ಇರಲಿ, ಕಾನೂನಿನ ಪ್ರಕಾರ 6 ಕ್ರೆಡಿಟ್ ಅವರ್ ಅಮೆರಿಕದ ಇತಿಹಾಸ, 6 ಕ್ರೆಡಿಟ್ ಅವರ್ ಸರ್ಕಾರ ಓದಲೇಬೇಕು. ಎಪಿಯಲ್ಲಿ ಬಂದ ಅಂಕದಿಂದ ಇತಿಹಾಸದ ಆ ಹೊರೆ ಹೈಸ್ಕೂಲಿನಲ್ಲೇ ಇಳಿಯಬಹುದು. ಸರ್ಕಾರದ ವಿಷಯದಲ್ಲಿ ಎಪಿ ಪೂರ್ತಿ ಸಾಲದು, ಏಕೆಂದರೆ ಅದರಲ್ಲಿ ಟೆಕ್ಸಸ್ ಸಂವಿಧಾನದ ಭಾಗವಿಲ್ಲ. ಖಾಸಗಿ ಕಾಲೇಜುಗಳ ಲೆಕ್ಕ ಬೇರೆ: ಕೆಲವು ಎಪಿ ಪರೀಕ್ಷೆಯ ಗರಿಷ್ಠ ಅಂಕವಾದ 5 ಬಂದರೆ ಮಾತ್ರ ಕ್ರೆಡಿಟ್ ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ.

ಎಪಿ ತರಗತಿ ಬೇರೆ, ಎಪಿ ಪರೀಕ್ಷೆ ಬೇರೆ. ತರಗತಿಯ ಗ್ರೇಡ್ ಟ್ರಾನ್ಸ್‌ಕ್ರಿಪ್ಟಿಗೆ, ಎಂದರೆ ಶಾಲೆಯ ಅಧಿಕೃತ ಅಂಕಪಟ್ಟಿಗೆ, ಹೋಗುತ್ತದೆ. ಪರೀಕ್ಷೆ ಮೇ ತಿಂಗಳ ಮೊದಲೆರಡು ವಾರದಲ್ಲಿ, ಅದಕ್ಕೆ ನೋಂದಣಿ ನವೆಂಬರ್ ಮಧ್ಯದೊಳಗೆ. ಶುಲ್ಕ 2025ರಲ್ಲಿ 99 ಡಾಲರ್ ಇತ್ತು. ತಡವಾದರೆ 40 ಡಾಲರ್ ಹೆಚ್ಚು. ನವೆಂಬರಿನಲ್ಲಿ ದೀಪಾವಳಿ, ರಾಜ್ಯೋತ್ಸವದ ಗದ್ದಲದಲ್ಲಿ ಈ ದಿನಾಂಕ ತಪ್ಪಿಹೋಗುವುದುಂಟು. ಎಪಿಯಲ್ಲಿ ಸಿ ಬರುವುದಕ್ಕಿಂತ ಸಾಮಾನ್ಯ ತರಗತಿಯಲ್ಲಿ ಎ ಮೇಲೋ ಎಂದು ಕೇಳುತ್ತಾರೆ. ಸಿ ಬರುವಷ್ಟು ಓದಿನ ವೇಗ ಕಡಿಮೆಯಿದ್ದರೆ ಹತ್ತರಲ್ಲಿ ಆನರ್ಸ್ ಮಾಡಿ, ಹನ್ನೊಂದರಲ್ಲಿ ಎಪಿಗೆ ಏರಿ. ಏರುವ ಗ್ರಾಫು ಕಾಲೇಜಿಗೆ ಅರ್ಥವಾಗುತ್ತದೆ.

ಹಂತ 4: ಬೇಸಿಗೆಯ ಅಡ್ಡದಾರಿಗಳು

ಕಂಪ್ಯೂಟರ್ ಕೋರ್ಸಿಗೆ ಜಾಗ ಮಾಡಲು ವಿಶ್ವ ಇತಿಹಾಸವನ್ನು ಬೇಸಿಗೆಯ ಆರು ವಾರದಲ್ಲಿ ಆನ್‌ಲೈನ್ ಮುಗಿಸುವುದು ನಮ್ಮವರಲ್ಲಿ ಬಹಳ ನಡೆಯುತ್ತದೆ. ಮಾಡಲೇಬಾರದೆಂದಿಲ್ಲ. ದುಡ್ಡು ಕಟ್ಟುವ ಮೊದಲು ಮೂರು ಉತ್ತರ ಲಿಖಿತವಾಗಿ ಪಡೆಯಿರಿ: ಆ ಕೋರ್ಸು, ಆ ಸಂಸ್ಥೆಯ ಹೆಸರಿನಲ್ಲೇ, ಎ-ಜಿ ಪಟ್ಟಿಯಲ್ಲಿದೆಯೇ, ನಿಮ್ಮ ಶಾಲೆ ಅದನ್ನು ಹೈಸ್ಕೂಲು ಮುಗಿಸುವ ಲೆಕ್ಕಕ್ಕೆ ಒಪ್ಪುತ್ತದೆಯೇ, ಗ್ರೇಡನ್ನು ತನ್ನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಬರೆಯುತ್ತದೆಯೇ. ಕೌನ್ಸೆಲರ್ ಕಾರಿಡಾರಿನಲ್ಲಿ ‘ಆಗಬಹುದು’ ಎಂದದ್ದು ಆಗಸ್ಟಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಇಮೇಲ್ ಬರುತ್ತದೆ. ಅಮೆರಿಕದ ಇತಿಹಾಸವನ್ನು ಮಾತ್ರ ಬೇಸಿಗೆಗೆ ತಳ್ಳಬೇಡಿ. ಆರು ವಾರದಲ್ಲಿ ಬರೆಯುವ ಪ್ರಬಂಧಗಳು ಕಡಿಮೆ, ತಿದ್ದಿಕೊಡುವವರು ಇನ್ನೂ ಕಡಿಮೆ.

ಕಮ್ಯೂನಿಟಿ ಕಾಲೇಜಿನ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಿನ) ಒಂದು ಸೆಮಿಸ್ಟರಿನ ಮೂರು ಯೂನಿಟ್ ಕೋರ್ಸನ್ನು ಯುಸಿ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ ಎಂದು ಎಣಿಸುತ್ತದೆ. ಲಾಭ ದೊಡ್ಡದು, ಅಪಾಯವೂ ಇದೆ: ಅಲ್ಲಿನ ಗ್ರೇಡ್ ಮಗುವಿನ ಶಾಶ್ವತ ಕಾಲೇಜು ದಾಖಲೆ. ಹದಿನೈದನೇ ವಯಸ್ಸಿನಲ್ಲಿ ಬಂದ ಡಿ ಮುಂದೆ ಮೆಡಿಕಲ್ ಅಥವಾ ಲಾ ಸ್ಕೂಲಿನ ಅರ್ಜಿಯಲ್ಲೂ ತೋರಿಸಬೇಕಾಗುತ್ತದೆ. ಕೋರ್ಸು ಕೈಬಿಡುವ ಕೊನೆಯ ದಿನಾಂಕವನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಹಂತ 5: ವಾರದ ಓದು

ಎಪಿ ಇತಿಹಾಸಕ್ಕೆ ವಾರಕ್ಕೆ 30ರಿಂದ 50 ಪುಟ ಓದಬೇಕಾಗುತ್ತದೆ ಎಂದು ಇಟ್ಟುಕೊಳ್ಳಿ. ಭಾನುವಾರ ರಾತ್ರಿ ಒಟ್ಟಿಗೆ ಓದಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ದಿನಕ್ಕೆ 10 ಪುಟ, 35–40 ನಿಮಿಷ. ಹೊಳೆಯುವ ಪೆನ್ನಿನಿಂದ ಪುಟವೆಲ್ಲ ಹಳದಿ ಮಾಡುವುದು ಓದಲ್ಲ. ಪ್ರತಿ ಉಪಶೀರ್ಷಿಕೆ ಮುಗಿದ ಮೇಲೆ ಪುಸ್ತಕ ಮುಚ್ಚಿ ಎರಡು ಸಾಲು ಬರೆಯಲಿ: ಏನಾಯಿತು, ಯಾವ ಕಾರಣದಿಂದ. ಮೂರನೆಯ ಸಾಲಿನಲ್ಲಿ ಹೆಸರು, ಇಸವಿ, ಸ್ಥಳ ಇರುವ ಒಂದು ಪುರಾವೆ. ಹೀಗೆ ವರ್ಷವಿಡೀ ಕೂಡಿದ ಮೂರನೆಯ ಸಾಲುಗಳೇ ಮೇ ತಿಂಗಳ ಬಂಡವಾಳ.

ಎಲ್ಲ ಅಧ್ಯಾಯಕ್ಕೂ ಒಂದೇ ಸಮಯ ಕೊಡಬೇಡಿ. ಅಮೆರಿಕನ್ ಹಿಸ್ಟರಿಯ ಒಂಬತ್ತು ಯೂನಿಟ್‌ಗಳಲ್ಲಿ ಮೊದಲನೆಯದು ಮತ್ತು ಕೊನೆಯದು ತಲಾ 4–6 ಪ್ರತಿಶತ, ಮೂರರಿಂದ ಎಂಟರವರೆಗಿನವು ತಲಾ 10–17 ಪ್ರತಿಶತ. ಸೆಪ್ಟೆಂಬರಿನಲ್ಲಿ ಕೊಲಂಬಸ್‌ಗೆ ಮೂರು ವಾರ ಕೊಟ್ಟು ಏಪ್ರಿಲ್‌ನಲ್ಲಿ ಶೀತಲ ಸಮರವನ್ನು ಮೂರು ದಿನದಲ್ಲಿ ಓಡಿಸುವ ತರಗತಿಗಳಿವೆ. ಹಾಗಿದ್ದರೆ 1945ರ ನಂತರದ ಭಾಗವನ್ನು ಮಾರ್ಚ್‌ನಲ್ಲೇ ಮನೆಯಲ್ಲಿ ಶುರುಮಾಡಲಿ. ಅಲ್ಲಿ ನಮ್ಮ ಮನೆಗಳ ಕತೆಯೇ ಇದೆ, ಅದರ ಬೇರು ಮಾತ್ರ 1945ಕ್ಕೂ ಹಿಂದಿನದು. ಭಾರತೀಯರಿಗೆ ಪೌರತ್ವವಿಲ್ಲ ಎಂದ 1923ರ ಭಗತ್ ಸಿಂಗ್ ಥಿಂಡ್ ತೀರ್ಪು, ಅದನ್ನು ತೆರೆದು ವರ್ಷಕ್ಕೆ 100 ಜನರ ಕೋಟಾ ಕೊಟ್ಟ 1946ರ ಲೂಸ್–ಸೆಲ್ಲರ್ ಕಾಯ್ದೆ, ರಾಷ್ಟ್ರಮೂಲ ನೋಡುವ ಹಳೆಯ ಕೋಟಾ ಪದ್ಧತಿ ಕಿತ್ತುಹಾಕಿದ 1965ರ ವಲಸೆ ಕಾಯ್ದೆ, ಎಚ್-1ಬಿ ತಂದ 1990ರ ಕಾಯ್ದೆ: ಈ ನಾಲ್ಕನ್ನು ಕಾರಣ–ಪರಿಣಾಮದ ಸಾಲಿನಲ್ಲಿ ಜೋಡಿಸಲು ಬಂದರೆ ವಲಸೆಯ ಮೇಲಿನ ಯಾವ ಪ್ರಶ್ನೆಗೂ ಕೈಯಲ್ಲಿ ಪುರಾವೆ ಇರುತ್ತದೆ.

ಹಂತ 6: ಬರವಣಿಗೆ. ಅಂಕ ಹೋಗುವುದು ಇಲ್ಲೇ

ಎಪಿ ಇತಿಹಾಸದ ಮೂರು ಗಂಟೆ ಹದಿನೈದು ನಿಮಿಷದ ಪರೀಕ್ಷೆ ಹೀಗಿದೆ. 55 ಬಹು ಆಯ್ಕೆ ಪ್ರಶ್ನೆ, 55 ನಿಮಿಷ, 40 ಪ್ರತಿಶತ. ಮೂರು ಕಿರು ಉತ್ತರ, 40 ನಿಮಿಷ, 20 ಪ್ರತಿಶತ. ದಾಖಲೆ ಆಧಾರಿತ ಪ್ರಬಂಧ, ಮಕ್ಕಳು ಡಿಬಿಕ್ಯು ಎನ್ನುವುದು, 60 ನಿಮಿಷ, 25 ಪ್ರತಿಶತ. ದೀರ್ಘ ಪ್ರಬಂಧ 40 ನಿಮಿಷ, 15 ಪ್ರತಿಶತ. 2025ರಿಂದ ಎಲ್ಲವೂ ಕಂಪ್ಯೂಟರಿನಲ್ಲಿ, ಆದ್ದರಿಂದ ಟೈಪಿಂಗ್ ವೇಗವೂ ಅಭ್ಯಾಸದ ಭಾಗ.

ಕಿರು ಉತ್ತರದಲ್ಲಿ ಪೀಠಿಕೆ ಬೇಡ. ಎ, ಬಿ, ಸಿ ಎಂದು ಮೂರು ಭಾಗ. ಪ್ರತಿಯೊಂದಕ್ಕೂ ಉತ್ತರ, ಪುರಾವೆ, ವಿವರಣೆ ಎಂಬ ಮೂರು ವಾಕ್ಯ. ನಮ್ಮ ‘ಟಿಪ್ಪಣಿ ಬರೆಯಿರಿ’ ಅಭ್ಯಾಸದಂತೆ ಗೊತ್ತಿದ್ದದ್ದೆಲ್ಲ ಸುರಿದರೆ ಸಮಯ ಹೋಗುತ್ತದೆ, ಅಂಕ ಬರುವುದಿಲ್ಲ.

ಡಿಬಿಕ್ಯುನಲ್ಲಿ ಏಳು ದಾಖಲೆ, ಏಳು ಅಂಕ. ಪ್ರತಿ ಅಂಕಕ್ಕೂ ಒಂದು ನಿರ್ದಿಷ್ಟ ಕೆಲಸವಿದೆ, ಭಾಷೆಯ ಸೊಬಗಿಗೆ ಅಂಕವಿಲ್ಲ. ವಾದಕ್ಕೆ 1. ಹಿನ್ನೆಲೆಗೆ 1. ದಾಖಲೆಗಳ ಬಳಕೆಗೆ 2: ಮೂರು ದಾಖಲೆಗಳಲ್ಲಿ ಏನಿದೆ ಎಂದು ಪ್ರಶ್ನೆಗೆ ಸಂಬಂಧಿಸಿ ಹೇಳಿದರೆ ಒಂದು, ನಾಲ್ಕನ್ನು ವಾದಕ್ಕೆ ಆಧಾರವಾಗಿ ಬಳಸಿದರೆ ಎರಡು. ದಾಖಲೆಯ ಹೊರಗಿನ ಪುರಾವೆಗೆ 1. ಕನಿಷ್ಠ ಎರಡು ದಾಖಲೆಗಳ ಹಿಂದೆ ಯಾರು, ಯಾರಿಗಾಗಿ, ಯಾಕೆ ಬರೆದರು ಎಂಬುದು ವಾದಕ್ಕೆ ಹೇಗೆ ಮುಖ್ಯ ಎಂದು ತೋರಿಸಿದರೆ 1. ವಿಷಯದ ಸಂಕೀರ್ಣತೆ ಹಿಡಿದರೆ 1.

ಒಂದು ಮಾದರಿ ಪ್ರಶ್ನೆ ತೆಗೆದುಕೊಳ್ಳಿ: 1450–1750ರಲ್ಲಿ ಪೋರ್ಚುಗೀಸರು ಬಂದದ್ದರಿಂದ ಹಿಂದೂ ಮಹಾಸಾಗರದ ವ್ಯಾಪಾರ ಎಷ್ಟರಮಟ್ಟಿಗೆ ಬದಲಾಯಿತು? ‘ಪೋರ್ಚುಗೀಸರು ಬಹಳ ಬದಲಾವಣೆ ತಂದರು’ ಎಂಬುದು ವಾದವಲ್ಲ, ಅದಕ್ಕೆ ಸೊನ್ನೆ. ‘ಗೋವಾ, ಹೋರ್ಮುಜ್ ಹಿಡಿದು, ಹಡಗುಗಳಿಗೆ ಪರವಾನಗಿ ಹೇರಿ ಪೋರ್ಚುಗೀಸರು ಸುಂಕ ಯಾರ ಕೈಗೆ ಹೋಗಬೇಕೆಂಬುದನ್ನು ಬದಲಿಸಿದರು, ಆದರೆ ಮುಂಗಾರಿನ ಗಾಳಿಗೆ ಹೊಂದಿದ ಯಾನದ ಕಾಲ, ಗುಜರಾತಿ ಮತ್ತು ಅರಬ್ ವರ್ತಕರ ಜಾಲ ಬಹುಪಾಲು ಉಳಿದುಕೊಂಡವು’: ಇದು ವಾದ. ಯಾವುದು ಬದಲಾಯಿತು, ಯಾವುದು ಉಳಿಯಿತು, ಹೇಗೆ ಎಂಬ ಮೂರೂ ಇದೆ.

ಕನ್ನಡದ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ವಿಜಯನಗರ ಎಪಿ ವರ್ಲ್ಡ್ ಪಠ್ಯಕ್ರಮದಲ್ಲೇ ಉದಾಹರಣೆಯಾಗಿ ಬರುತ್ತದೆ, ಭಕ್ತಿ ಪಂಥವೂ ಬರುತ್ತದೆ. ವಿಜಯನಗರದ ಸೈನ್ಯಕ್ಕೆ ಕುದುರೆ ಬೇಕಿತ್ತು, ಅವು ಅರಬ್ ಮತ್ತು ಪರ್ಷಿಯಾ ಕಡೆಯಿಂದ ಸಮುದ್ರದ ಮೇಲೆ ಬರುತ್ತಿದ್ದವು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಕೈಗೆ ಆ ವ್ಯಾಪಾರದ ಕೀಲಿ ಸಿಕ್ಕಿತು. ಮೇಲಿನ ಪ್ರಶ್ನೆಗೆ ಇದು ಹೊರಗಿನ ಪುರಾವೆಯಾಗಿ ನಿಲ್ಲುತ್ತದೆ. ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿ ಕಂಡ ಡೊಮಿಂಗೊ ಪಾಯೆಸ್ ಬರೆದದ್ದು ದಾಖಲೆಯಾಗಿ ಬಂದರೆ, ‘ಅವನು ಪೋರ್ಚುಗೀಸ್’ ಎಂದಷ್ಟೇ ಬರೆದರೆ ಅಂಕವಿಲ್ಲ. ಈ ರಾಜ್ಯದ ಜೊತೆ ವ್ಯಾಪಾರದಲ್ಲಿ ಲಾಭವಿದ್ದ ಪೋರ್ಚುಗೀಸ್ ಓದುಗರಿಗಾಗಿ ಬರೆದದ್ದರಿಂದ ಅವನು ಸಂಪತ್ತು, ಮಾರುಕಟ್ಟೆಯನ್ನು ಒತ್ತಿ ಹೇಳುವುದು ಸಹಜ, ಆದ್ದರಿಂದ ಆ ವಿವರವನ್ನು ವಾದದಲ್ಲಿ ಇಷ್ಟರಮಟ್ಟಿಗೆ ಬಳಸಬಹುದು ಎನ್ನುವವರೆಗೆ ಹೋಗಬೇಕು.

ಅಭಿಮಾನಕ್ಕೆ ಎಲ್ಲ ಪ್ರಬಂಧಕ್ಕೂ ಹಂಪಿ ತುರುಕುವುದು ಬೇಡ. ಬಸವಣ್ಣ ಹನ್ನೆರಡನೇ ಶತಮಾನದವನು, 1200ರ ಹಿಂದಿನವನು. ಹಿನ್ನೆಲೆಯಲ್ಲಿ ಬರಬಹುದು, 1450–1750ರ ಪುರಾವೆಯಾಗಿ ಬರಲಾರ. ಆ ಕಾಲಕ್ಕೆ ಪುರಂದರದಾಸರಿದ್ದಾರೆ. ಟಿಪ್ಪುವಿನ 1799 ಬೇಕಾಗುವುದು 1750ರ ನಂತರದ ಪ್ರಶ್ನೆಗೆ. ಕಾಲದ ಗಡಿ ತಪ್ಪಿದ ಪುರಾವೆ ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ.

ಅರವತ್ತು ನಿಮಿಷದ ಹಂಚಿಕೆ: ಮೊದಲ 15 ಓದಲು ಮತ್ತು ದಾಖಲೆಗಳನ್ನು ಎರಡು ಮೂರು ಗುಂಪು ಮಾಡಲು, 40 ಬರೆಯಲು, 5 ವಾದದ ವಾಕ್ಯವನ್ನು ಮತ್ತೆ ನೋಡಲು. ಡಿಬಿಕ್ಯು ಮತ್ತು ದೀರ್ಘ ಪ್ರಬಂಧ ಒಂದೇ 100 ನಿಮಿಷದ ಕಂತಿನಲ್ಲಿರುವುದರಿಂದ ಮೊದಲನೆಯದಕ್ಕೇ 80 ನಿಮಿಷ ಕಳೆದು ಎರಡನೆಯದನ್ನು ಅರ್ಧಕ್ಕೆ ಬಿಡುವವರು ಬಹಳ. ಅಭ್ಯಾಸದಲ್ಲಿ ಪೂರ್ತಿ ಪ್ರಬಂಧ ತಿಂಗಳಿಗೊಂದು ಸಾಕು. ವಾರಕ್ಕೊಮ್ಮೆ ಮಾತ್ರ ಹಳೆಯ ಪ್ರಶ್ನೆಯೊಂದಕ್ಕೆ ವಾದದ ಒಂದು ವಾಕ್ಯ ಮತ್ತು ಹಿನ್ನೆಲೆಯ ಮೂರು ವಾಕ್ಯ ಬರೆಸಿ, ಹತ್ತು ನಿಮಿಷದ ಕೆಲಸ. ಹಳೆಯ ಪ್ರಶ್ನೆ, ಅಂಕದ ಮಾನದಂಡ, ಮಕ್ಕಳ ಮಾದರಿ ಉತ್ತರ ಎಲ್ಲವನ್ನೂ ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಉಚಿತವಾಗಿ ಹಾಕುತ್ತದೆ. ಕೋಚಿಂಗಿಗೆ ದುಡ್ಡು ಸುರಿಯುವ ಮೊದಲು ಅದನ್ನು ಮುಗಿಸಿ.

ಊರಿನಿಂದ ನಡುವೆ ಬಂದ ಮಕ್ಕಳಿಗೆ

ಒಂಬತ್ತು, ಹತ್ತನ್ನು ಕರ್ನಾಟಕದಲ್ಲಿ ಮುಗಿಸಿ ಹನ್ನೊಂದಕ್ಕೆ ಬಂದವರು ಎರಡೂ ವರ್ಷದ ಅಂಕಪಟ್ಟಿ ತರಬೇಕು. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ಎಸ್ಸೆಸ್ಸೆಲ್ಸಿ ಅಥವಾ ಸಿಬಿಎಸ್‌ಇ ಸಮಾಜ ವಿಜ್ಞಾನವನ್ನು ಶಾಲೆ ವಿಶ್ವ ಇತಿಹಾಸಕ್ಕೆ ಸಮ ಎಂದು ಒಪ್ಪಬಹುದು. ಅದು ತಾನಾಗಿ ಆಗುವುದಿಲ್ಲ, ಪಠ್ಯಕ್ರಮದ ಪರಿವಿಡಿ ತೋರಿಸಿ ಕೇಳಬೇಕು. ಅಮೆರಿಕದ ಇತಿಹಾಸ ಮತ್ತು ಸರ್ಕಾರಕ್ಕೆ ಮಾತ್ರ ಅಲ್ಲಿನ ಓದು ನಡೆಯದು. ಆದ್ದರಿಂದ ಹನ್ನೊಂದಕ್ಕೆ ಅಮೆರಿಕದ ಇತಿಹಾಸ, ಹನ್ನೆರಡಕ್ಕೆ ಸರ್ಕಾರ ಮತ್ತು ಅರ್ಥಶಾಸ್ತ್ರ. ಬಂದ ಮೊದಲ ವರ್ಷ ಇತಿಹಾಸದಲ್ಲಿ ಎಪಿ ಬೇಡ. ಗಣಿತದಲ್ಲಿ ಮುಂದಿರುವ ಮಗುವಿಗೂ ಅಧ್ಯಕ್ಷ ಜೆಫರ್ಸನ್ ಕಾಲದ ಹಳೆಯ ಇಂಗ್ಲಿಷ್ ಹೊಸದು.

ಕೊನೆಯ ಸೆಮಿಸ್ಟರ್

ಮಾರ್ಚ್‌ನಲ್ಲಿ ಸೀಟು ಸಿಕ್ಕ ಮೇಲೆ ಕೈಬಿಡುವುದು ಸಾಮಾನ್ಯವಾಗಿ ಸರ್ಕಾರ ಅಥವಾ ಅರ್ಥಶಾಸ್ತ್ರದ ತರಗತಿಯನ್ನೇ. ಪ್ರವೇಶಪತ್ರ ಷರತ್ತಿನದು. ಯುಸಿಗೆ ಹೋಗುವವರ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಜುಲೈ 1ರೊಳಗೆ, ಎಪಿ ಅಂಕ ಜುಲೈ 15ರೊಳಗೆ ತಲುಪಬೇಕು. ಹನ್ನೆರಡರಲ್ಲಿ ಡಿ ಅಥವಾ ಎಫ್ ಬಂದರೆ ವಿಶ್ವವಿದ್ಯಾಲಯಕ್ಕೆ ತಿಳಿಸುವುದು ವಿದ್ಯಾರ್ಥಿಯ ಹೊಣೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸೀಟಿಗೇ ಕುತ್ತು. ಗ್ರೇಡ್ ಜಾರುತ್ತಿದೆ ಎಂದು ಏಪ್ರಿಲ್‌ನಲ್ಲಿ ಗೊತ್ತಾದರೆ ಶಿಕ್ಷಕರನ್ನು ಕಂಡು ಬಾಕಿ ಕೆಲಸದ ಪಟ್ಟಿ ಕೇಳಲಿ. ಸರ್ಕಾರದ ತರಗತಿಯಲ್ಲಿ ಡಿಗೆ ಕಾರಣ ಹೆಚ್ಚಿನ ಸಲ ಪರೀಕ್ಷೆಯಲ್ಲ, ಒಪ್ಪಿಸದೇ ಉಳಿದ ಮೂರೋ ನಾಲ್ಕೋ ಅಸೈನ್‌ಮೆಂಟು.